ಹಳೇ ಲ್ಯಾಪ್‌ಟಾಪಿಗೆ ಎಷ್ಟು ದುಡ್ಡು ಹಾಕಬಹುದು?

ಬೆಂಗಳೂರಿನ ಎಸ್‌.ಪಿ. ರೋಡಿನ ಯಾವ ಅಂಗಡಿಯ ಮುಂದೆ ನಿಂತು ‘ಲ್ಯಾಪ್‌ಟಾಪ್ ತುಂಬಾ ಸ್ಲೋ ಆಗಿದೆ’ ಅಂದರೂ ಸಿಗುವ ಉತ್ತರ ಒಂದೇ: ‘ಎಸ್‌ಎಸ್‌ಡಿ ಹಾಕ್ಸಿಬಿಡಿ ಸರ್, ರಾಕೆಟ್ ಥರ ಓಡತ್ತೆ.’ ಯಾವ ವರ್ಷದ್ದು, ಏನು ಕೆಲಸಕ್ಕೆ, ಎಲ್ಲಿ ನಿಧಾನ ಅಂತೆಲ್ಲ ವಿಚಾರಿಸುವ ವ್ಯವಧಾನ ಆ ರಸ್ತೆಗಿಲ್ಲ. ನಿಮ್ಮ ಬೆನ್ನ ಹಿಂದೆ ಇನ್ನೂ ನಾಲ್ಕು ಗಿರಾಕಿಗಳು ಬ್ಯಾಗ್ ಹಿಡಿದು ನಿಂತಿರುತ್ತಾರೆ. ವಿಚಿತ್ರವೆಂದರೆ ಆ ಸಿದ್ಧ ಉತ್ತರ ಬಹಳ ಸಲ ಸರಿಯಾಗಿಯೇ ಇರುತ್ತದೆ. ಸರಿಯಿಲ್ಲದ ಕಡೆ ಮಾತ್ರ ದುಡ್ಡು ದಂಡ. ಯಾವುದು ಯಾವಾಗ ಎಂದು ತಿಳಿಯುವುದಕ್ಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ. ಲ್ಯಾಪ್‌ಟಾಪ್ ನಮ್ಮನ್ನು ಎಲ್ಲಿ ಕಾಯಿಸುತ್ತಿದೆ ಎಂದು ಒಂದು ದಿನ ಗಮನವಿಟ್ಟು ನೋಡಿದರೆ ಸಾಕು.

ಈಗ ಈ ಪ್ರಶ್ನೆ ಮನೆಮನೆಯಲ್ಲೂ ಎದ್ದಿರುವುದಕ್ಕೆ ಎರಡು ಕಾರಣಗಳಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ ಮುಗಿಯಿತು. ‘ನಿಮ್ಮ ಪಿಸಿ ವಿಂಡೋಸ್ 11ಕ್ಕೆ ಅರ್ಹವಲ್ಲ’ ಎಂಬ ಸೂಚನೆ ಚೆನ್ನಾಗಿಯೇ ಓಡುತ್ತಿದ್ದ ಯಂತ್ರಗಳ ಪರದೆಯ ಮೇಲೂ ಬಂತು. ಅದೇ ಹೊತ್ತಿಗೆ ಮೆಮೊರಿ ಚಿಪ್‌ಗಳ ಬೆಲೆ ಏರತೊಡಗಿತು. ರಿಪೇರಿಯೋ ಹೊಸದೋ ಎಂಬ ಹಳೇ ಲೆಕ್ಕಾಚಾರ ಹೀಗೆ ಎರಡೂ ಕಡೆಯಿಂದ ತಲೆಕೆಳಗಾಯಿತು.

ಇಲ್ಲಿ ನಾನು ಬರೆಯುತ್ತಿರುವುದು ವಿಡಿಯೊ ಎಡಿಟಿಂಗ್ ಮಾಡುವವರ, ಗೇಮ್ ಆಡುವವರ ಯಂತ್ರದ ಬಗ್ಗೆ ಅಲ್ಲ. ಬ್ಯಾಂಕಿನ ವ್ಯವಹಾರ, ಮಕ್ಕಳ ಪ್ರಾಜೆಕ್ಟು, ಒಂದಿಷ್ಟು ಎಕ್ಸೆಲ್, ಯೂಟ್ಯೂಬು, ಆಗಾಗ ವಿಡಿಯೊ ಮೀಟಿಂಗು, ಕನ್ನಡ ಟೈಪಿಂಗು, ಅಂಗಡಿಯಿದ್ದರೆ ಟ್ಯಾಲಿ. ಇಷ್ಟೇ ಕೆಲಸ ಇರುವ ಲ್ಯಾಪ್‌ಟಾಪು ಕಾಯಿಸುವುದಕ್ಕೆ ಕಾರಣಗಳು ಬಹಳ ಇರುವುದಿಲ್ಲ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ವಿಭಾಗಕ್ಕೆ ಹೋಗಿ, ಕಿಟಕಿಯನ್ನು ಮೂಲೆಗೆ ಸರಿಸಿ, ದಿನದ ಕೆಲಸ ಶುರು ಮಾಡಿ. ಬ್ರೌಸರ್ ತೆರೆದಾಗ, ಫೈಲ್ ಹುಡುಕುವಾಗ, ಮೌಸಿನ ಬಾಣ ಸುತ್ತುತ್ತ ಕೂತಾಗ ಯಾವ ಗೆರೆ ಮೇಲಕ್ಕೇರಿ ಅಲ್ಲೇ ನಿಲ್ಲುತ್ತದೆ ನೋಡಿ. ಡಿಸ್ಕ್ ನೂರಕ್ಕೆ ನೂರು ತೋರಿಸುತ್ತ, ಸಿಪಿಯು ಇಪ್ಪತ್ತು ಮೂವತ್ತರಲ್ಲಿ ತೂಕಡಿಸುತ್ತಿದ್ದರೆ ನಿಮ್ಮ ಪ್ರೊಸೆಸರಿಗೆ ಏನೂ ಆಗಿಲ್ಲ. ಅದೂ ನಿಮ್ಮ ಹಾಗೆಯೇ ಡಿಸ್ಕಿಗಾಗಿ ಕಾಯುತ್ತಿದೆ. ಮೆಮೊರಿ ತೊಂಬತ್ತರ ಆಚೆ ಹೋಗಿ ಇಳಿಯಲೊಲ್ಲದೆ ನಿಂತಿದ್ದರೆ ಅದು ಬೇರೆ ಕಥೆ. ಸಿಪಿಯುವೇ ನೂರು ಮುಟ್ಟಿ ಕೂತಿದ್ದರೆ ಮಾತ್ರ ಅಪ್‌ಗ್ರೇಡಿನ ಆಸೆ ಬಿಡಬೇಕು. ಇಂಟೆಲ್‌ನ ಐದನೇ ತಲೆಮಾರಿನಿಂದ ಈಚೆಗೆ ಲ್ಯಾಪ್‌ಟಾಪಿನ ಪ್ರೊಸೆಸರ್ ಮದರ್‌ಬೋರ್ಡಿಗೇ ಬೆಸುಗೆಯಾಗಿ ಬರುತ್ತದೆ. ಅದನ್ನು ಬದಲಿಸಿಕೊಡುತ್ತೇನೆ ಎನ್ನುವವರು ಅಸಲಿಗೆ ಬೋರ್ಡನ್ನೇ ಬದಲಿಸುವ ಮಾತಾಡುತ್ತಿರುತ್ತಾರೆ.

ನೂರು ತೋರಿಸುವುದು ಹೆಚ್ಚಾಗಿ ಡಿಸ್ಕೇ. 2015ರಿಂದ 2020ರವರೆಗೆ ಮೂವತ್ತು ಸಾವಿರದ ಆಸುಪಾಸಿಗೆ ಮಾರಾಟವಾದ ಲ್ಯಾಪ್‌ಟಾಪುಗಳ ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿರುತ್ತಿದ್ದದ್ದು ‘1 ಟಿಬಿ’. ಅಷ್ಟೊಂದು ಜಾಗ ಎಂದು ಎಲ್ಲರಿಗೂ ಖುಷಿ. ಆದರೆ ಒಳಗಿದ್ದದ್ದು ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ. ಒಂದು ಸುತ್ತಿಗೆ ಹನ್ನೊಂದು ಮಿಲಿಸೆಕೆಂಡು. ಬೇಕಾದ ಜಾಗಕ್ಕೆ ಹೆಡ್ ಸರಿದು, ಆ ಜಾಗ ತಿರುಗಿ ಅದರ ಕೆಳಗೆ ಬರಬೇಕು. ಒಂದೊಂದು ಸಣ್ಣ ಫೈಲಿಗೂ ಇಷ್ಟೇ ಸರ್ಕಸ್ಸು, ಸೆಕೆಂಡಿಗೆ ಅರವತ್ತೋ ಎಪ್ಪತ್ತೋ ಸಲ ಆದರೆ ಹೆಚ್ಚು. ವಿಂಡೋಸ್ 10 ಏಳುವಾಗಲೇ ಸಾವಿರಾರು ಸಣ್ಣ ಫೈಲುಗಳನ್ನು ತಡಕಾಡುತ್ತದೆ. ಜೊತೆಗೆ ಅಪ್‌ಡೇಟು, ಆಂಟಿವೈರಸ್ಸು, ಹುಡುಕಾಟದ ಸೂಚಿ ಎಲ್ಲ ಒಂದೇ ಹೆಡ್ಡಿಗೆ ಜೋತು ಬಿದ್ದಿರುತ್ತವೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಇಂಥ ಸಾವಿರಾರು ಕೋರಿಕೆಗಳನ್ನು ಪೂರೈಸುತ್ತದೆ.

ಆ ಕಾಲದ ಎಷ್ಟೋ ಡಿಸ್ಕುಗಳಲ್ಲಿ ಇನ್ನೊಂದು ತಾಪತ್ರಯವೂ ಇತ್ತು. ಕಡಿಮೆ ತಟ್ಟೆಯಲ್ಲಿ ಹೆಚ್ಚು ಜಾಗ ಗಿಟ್ಟಿಸಲು ಕಂಪನಿಗಳು ಮಾಹಿತಿಯ ಪಥಗಳನ್ನು ಮಂಗಳೂರು ಹೆಂಚಿನ ಹಾಗೆ ಒಂದರ ಅಂಚಿನ ಮೇಲೆ ಒಂದು ಹೊದಿಸಿ ಬರೆಯತೊಡಗಿದವು. ಓದುವುದಕ್ಕೆ ತೊಂದರೆಯಿಲ್ಲ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಮೇಲಿನ ಸಾಲುಗಳನ್ನೂ ಎತ್ತಿ ಮತ್ತೆ ಹೊದಿಸಬೇಕು. ಫೋಟೊ, ಸಿನಿಮಾ ತುಂಬಿಡುವುದಕ್ಕೆ ಸರಿಯಾಗಿದ್ದ ಈ ಡಿಸ್ಕುಗಳಲ್ಲಿ ದಿನವಿಡೀ ಗೀಚಿ ಅಳಿಸುವ ವಿಂಡೋಸನ್ನು ಕೂರಿಸಿದ್ದು ಗಿರಾಕಿಗೆ ಮಾಡಿದ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಪೆಟ್ಟಿಗೆಯ ಮೇಲೆ ‘1 ಟಿಬಿ’ ಎಂದು ಬರೆದವರು ಇದನ್ನು ಬರೆಯಲಿಲ್ಲ.

ತಿಪಟೂರಿನಲ್ಲಿ ನನ್ನ ಅಕ್ಕನದೊಂದು ಡಿಟಿಪಿ ಅಂಗಡಿಯಿದೆ. ಶಾಲೆಗಳ ಪ್ರಶ್ನೆಪತ್ರಿಕೆ, ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಾಲ್ಲೂಕು ಕಚೇರಿಗೆ ಬಂದವರ ಅರ್ಜಿ. ಅವಳ ಲ್ಯಾಪ್‌ಟಾಪು ಐ3ಯ 6006ಯು ಪ್ರೊಸೆಸರಿನದು, ಎರಡು ಕೋರು, 4 ಜಿಬಿ ರ‍್ಯಾಮು, ಮೇಲೆ ಹೇಳಿದಂಥದೇ ಡಿಸ್ಕು. ಬೆಳಿಗ್ಗೆ ಸ್ವಿಚ್ ಒತ್ತಿ, ಕಸ ಗುಡಿಸಿ, ದೇವರ ಫೋಟೊಗೆ ಹೂ ಮುಡಿಸಿ ಬಂದರೂ ಇನ್ನೂ ಸುತ್ತುತ್ತಲೇ ಇರುತ್ತಿತ್ತು. ‘ಇದನ್ನ ಬಿಸಾಕಿ ಹೊಸದು ತಗೊಳ್ಳೋದೇ ವಾಸಿ ಕಣೋ’ ಅಂತ ಒಂದೇ ಸಮ ಅನ್ನುತ್ತಿದ್ದಳು. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕಿನ ಗೆರೆ ನೂರರ ಅಂಚಿಗೆ ಅಂಟಿಕೊಂಡಿತ್ತು.

ಊರಿನ ರಿಪೇರಿ ಅಂಗಡಿಯ ಹುಡುಗ ಅದನ್ನು ಬಿಚ್ಚಿದ್ದನ್ನು ಪಕ್ಕದಲ್ಲೇ ಕೂತು ನೋಡಿದೆ. ತಳದಲ್ಲಿ ಕಾಣುವ ಸ್ಕ್ರೂಗಳಷ್ಟೇ ಅಲ್ಲ, ರಬ್ಬರ್ ಕಾಲಿನ ಅಡಿಯಲ್ಲೂ ಎರಡು ಅವಿತಿದ್ದವು. ಗೊತ್ತಿಲ್ಲದವರು ಅಲ್ಲೇ ಕವರ್ ಎಳೆದು ಮುರಿಯುವುದು. ಗಿಟಾರ್ ನುಡಿಸುವ ಪ್ಲಾಸ್ಟಿಕ್ ಬಿಲ್ಲೆಯನ್ನು ಸಂದಿಗೆ ತೂರಿಸಿ, ಟಕ್ ಟಕ್ ಎಂದು ಲಾಕುಗಳನ್ನು ಬಿಡಿಸುತ್ತ ಸುತ್ತಲೂ ಬಂದ. ಕವರ್ ಎದ್ದ ತಕ್ಷಣ ಮೊದಲು ಕೈ ಹಾಕಿದ್ದು ಬ್ಯಾಟರಿಯ ಕನೆಕ್ಟರಿಗೆ. ಅದನ್ನು ಬಿಡಿಸದೆ ಬೇರೇನನ್ನೂ ಮುಟ್ಟಲಿಲ್ಲ. ಹಾಗೆ ಮಾಡುವವನನ್ನು ಕಂಡರೆ ನಿಶ್ಚಿಂತೆಯಿಂದ ಯಂತ್ರ ಒಪ್ಪಿಸಬಹುದು. ಫ್ಯಾನಿನ ಬಾಯಲ್ಲಿ ಬೂದು ಬಣ್ಣದ ದೂಳಿನ ಚಾಪೆ ಕಟ್ಟಿತ್ತು, ಅದನ್ನೂ ಬ್ರಷ್ ಹಾಕಿ ತೆಗೆದ. ಡಿಸ್ಕ್ ಇದ್ದ ಗೂಡಿನಲ್ಲಿ ಅದೇ ಅಳತೆಯ ಎರಡೂವರೆ ಇಂಚಿನ ಎಸ್‌ಎಸ್‌ಡಿ ಕೂತಿತು. ತೆಗೆದ ಹಳೇ ಡಿಸ್ಕನ್ನು ಒಂದು ಯುಎಸ್‌ಬಿ ಕೇಸಿಂಗಿಗೆ ಹಾಕಿ ಅಕ್ಕನ ಕೈಗಿತ್ತ. ಬ್ಯಾಕಪ್ಪಿಗೆ ಆಯಿತು.

ಕಷ್ಟ ಶುರುವಾದದ್ದು ಆಮೇಲೆ. ಹೊಸ ಡಿಸ್ಕಿನಲ್ಲಿ ಹೊಸದಾಗಿ ವಿಂಡೋಸ್ ಹಾಕಿ, ಹಳೇ ಫೈಲುಗಳನ್ನೆಲ್ಲ ತಂದು ತುಂಬಿದ ಮೇಲೆ ಒಂದು ಲಗ್ನಪತ್ರಿಕೆ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಬಾಲ ಹಚ್ಚಿದ ಚಿಹ್ನೆಗಳ ರಾಶಿ. ಅಕ್ಕನ ಮುಖ ಬಿಳಿಚಿಕೊಂಡಿತು. ಫೈಲು ಕೆಟ್ಟಿರಲಿಲ್ಲ. ಅವಳ ಹಳೇ ಕೆಲಸವೆಲ್ಲ ಯೂನಿಕೋಡ್ ಅಲ್ಲದ ನುಡಿ ಫಾಂಟುಗಳಲ್ಲಿತ್ತು. ಆ ಪದ್ಧತಿಯಲ್ಲಿ ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಫಾಂಟು ಅದರ ಮೇಲೆ ಕನ್ನಡದ ಆಕಾರ ಬರೆಯುತ್ತದೆ. ಹೊಸ ವಿಂಡೋಸಿನಲ್ಲಿ ಫಾಂಟಿರಲಿಲ್ಲ, ಕನ್ನಡವೂ ಇರಲಿಲ್ಲ. ಹಳೇ ಡಿಸ್ಕಿನ ಫಾಂಟ್ಸ್ ಫೋಲ್ಡರಿನಿಂದ ನುಡಿಯವನ್ನೆಲ್ಲ ಆರಿಸಿ ತಂದು ಹಾಕಿದ ಮೇಲೆ ವಧೂವರರು ಮರಳಿ ಬಂದರು.

ನಮ್ಮ ರಾಜ್ಯದಲ್ಲಿ ಡಿಸ್ಕ್ ಬದಲಿಸುವ ಮುನ್ನ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಯಾವ ಪರದೇಶದ ಅಪ್‌ಗ್ರೇಡ್ ಮಾರ್ಗದರ್ಶಿಯಲ್ಲೂ ಇದು ಸಿಗುವುದಿಲ್ಲ. ನುಡಿ, ಬರಹ, ಶ್ರೀಲಿಪಿ ಏನೇ ಬಳಸುತ್ತಿದ್ದರೂ ಫಾಂಟ್ಸ್ ಫೋಲ್ಡರನ್ನು ಪೂರ್ತಿ ನಕಲು ಮಾಡಿಟ್ಟುಕೊಳ್ಳಿ. ಟ್ಯಾಲಿ ಇದ್ದರೆ ಹಳೇ ಡಿಸ್ಕ್ ಓಡುತ್ತಿರುವಾಗಲೇ ಲೈಸೆನ್ಸ್ ಸರೆಂಡರ್ ಮಾಡಿ, ಹೊಸದರಲ್ಲಿ ಮತ್ತೆ ಚಾಲೂ ಮಾಡಿಕೊಳ್ಳಬೇಕು. ವಿಂಡೋಸ್ ತಾನಾಗಿಯೇ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಟ್ಟಿದ್ದರೆ ಬಿಟ್‌ಲಾಕರ್ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯೇ ನೋಡಿಕೊಳ್ಳಿ. ಅದಿಲ್ಲದೆ ಹಳೇ ಡಿಸ್ಕಿನಲ್ಲಿರುವ ಫೋಟೊಗಳ ಮುಖ ಯಾರೂ ನೋಡಲಾರರು, ಎಸ್‌.ಪಿ. ರೋಡಿನ ಪ್ರಚಂಡನೂ ಸಹ. ಇಷ್ಟೆಲ್ಲ ರಗಳೆ ಬೇಡವೆಂದರೆ ಹೊಸದಾಗಿ ವಿಂಡೋಸ್ ಹಾಕುವ ಬದಲು ಹಳೇ ಡಿಸ್ಕನ್ನು ಇದ್ದ ಹಾಗೇ ‘ಕ್ಲೋನ್’ ಮಾಡಿಸಬಹುದು. ಫಾಂಟು, ಪಾಸ್‌ವರ್ಡು ಎಲ್ಲ ಜೊತೆಗೇ ಬರುತ್ತವೆ. ವರ್ಷಗಳಿಂದ ಸೇರಿದ ಕಸವೂ ಬರುತ್ತದೆ. ಡಿಟಿಪಿಯವರಿಗೆ, ಲೆಕ್ಕ ಬರೆಯುವವರಿಗೆ ನಾನು ಕ್ಲೋನನ್ನೇ ಹೇಳುತ್ತೇನೆ. ಮಿಕ್ಕವರು ಹೊಸದಾಗಿ ಹಾಕಿಸಿಕೊಳ್ಳಲಿ.

ಅಂಗಡಿಯವರು ಇಲ್ಲೊಂದು ಆಸೆ ತೋರಿಸುತ್ತಾರೆ. ‘ಸಾಟಾ ಹಳೇದು ಸರ್, ಎನ್‌ವಿಎಂಇ ಹಾಕ್ಸಿ, ಆರು ಪಟ್ಟು ಸ್ಪೀಡು.’ ಅಂಕಿ ಸುಳ್ಳಲ್ಲ. ಸಾಟಾ ಸೆಕೆಂಡಿಗೆ 550 ಎಂಬಿಯ ಆಸುಪಾಸಿನಲ್ಲಿ ನಿಂತರೆ ಸಾಧಾರಣ ಎನ್‌ವಿಎಂಇ 3000 ದಾಟುತ್ತದೆ. ಆದರೆ ಅದು ಒಂದು ದೊಡ್ಡ ಫೈಲನ್ನು ಉದ್ದಕ್ಕೆ ಓದುವಾಗಿನ ವೇಗ. ವರ್ಡ್ ತೆರೆಯುವಾಗ, ಬ್ರೌಸರ್ ಏಳುವಾಗ ಈ ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಕಷ್ಟ. ತಟ್ಟೆಯಿಂದ ಎಸ್‌ಎಸ್‌ಡಿಗೆ ಬಂದಾಗಿನ ನೆಗೆತ ದೊಡ್ಡದು, ಆಮೇಲಿನವು ಪೆಟ್ಟಿಗೆಯ ಮೇಲಿನ ಅಂಕಿಗಳು. ಬೋರ್ಡಿನಲ್ಲಿ ಎಂ.2 ಸ್ಲಾಟ್ ಇದ್ದರೆ, ಬೆಲೆಯೂ ಸಾಟಾದಷ್ಟೇ ಇದ್ದರೆ, ಹಾಕಿಸಿಕೊಳ್ಳಿ. ಆ ಸ್ಲಾಟ್ ಸಾಟಾ ಮಾತ್ರ ಓದುವುದೋ, ಎನ್‌ವಿಎಂಇಯೂ ಆಗುವುದೋ ಎಂಬುದನ್ನು ಮೊದಲು ಕೇಳಿ. ಎರಡೂ ನೋಡಲು ಚ್ಯೂಯಿಂಗ್ ಗಮ್ಮಿನ ಅಳತೆಯ ಒಂದೇ ಥರದ ಪಟ್ಟಿ. ಒಂದರ ಜಾಗದಲ್ಲಿ ಇನ್ನೊಂದು ಕೂತರೂ ಓಡಬೇಕೆಂದಿಲ್ಲ.

ಹಳೇ ಎಸ್‌ಎಸ್‌ಡಿ ಕೊಳ್ಳಬೇಡಿ. ಅದರ ಕೋಶಗಳು ಬರೆದಷ್ಟೂ ಸವೆಯುತ್ತವೆ. ಹೊಸದೆಂದು ಕೊಟ್ಟದ್ದನ್ನೂ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಒಮ್ಮೆ ತೆರೆದು, ಎಷ್ಟು ಗಂಟೆ ಓಡಿದೆ ಎಂಬ ಸಾಲು ನೋಡಿ. ಅಲ್ಲಿ ಸಾವಿರಗಟ್ಟಲೆ ಗಂಟೆ ಕಂಡರೆ ಅಂಗಡಿಯವನ ಜೊತೆ ಮಾತು ಬಾಕಿಯಿದೆ ಎಂದರ್ಥ.

ರ‍್ಯಾಮಿನ ವಿಷಯದಲ್ಲಿ ಇದು ತಿರುಗಾಮುರುಗ. ರ‍್ಯಾಮ್ ಹಾಗೆ ಸವೆಯುವುದಿಲ್ಲ. ಸತ್ತ ಲ್ಯಾಪ್‌ಟಾಪಿನಿಂದ ತೆಗೆದ 8 ಜಿಬಿ ಪಟ್ಟಿ ಎಷ್ಟೋ ವರ್ಷ ನಿಶ್ಚಿಂತೆಯಿಂದ ಓಡುತ್ತದೆ. ಈಗಿನ ಬೆಲೆಯಲ್ಲಿ ಇದು ಸಣ್ಣ ಮಾತಲ್ಲ. 2023ರಲ್ಲಿ 8 ಜಿಬಿಯ ಡಿಡಿಆರ್4 ಪಟ್ಟಿ ಎರಡು ಸಾವಿರದೊಳಗೆ ಹೊಸದೇ ಸಿಗುತ್ತಿತ್ತು. ಆಗ ಕೇಳಿದವರಿಗೆಲ್ಲ ‘ಹಾಕಿಸಿಬಿಡಿ’ ಎನ್ನುವುದು ಸುಲಭವಿತ್ತು. ಆಮೇಲೆ ಎಐ ಸರ್ವರುಗಳ ಹಸಿವು ಬಂತು. ಜಗತ್ತಿನ ಮೆಮೊರಿಯ ಬಹುಪಾಲನ್ನು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಡೇಟಾ ಸೆಂಟರುಗಳಿಗೆ ಬೇಕಾದ ದುಬಾರಿ ಮೆಮೊರಿಯ ಕಡೆಗೆ ಅವು ಕಾರ್ಖಾನೆಗಳನ್ನು ತಿರುಗಿಸಿದವು. ಹಳೇ ಡಿಡಿಆರ್4ರ ತಯಾರಿಕೆಯನ್ನು ಕಡಿಮೆ ಮಾಡಿಕೊಂಡವು. 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ಜಿಗಿಯಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಸುಮಾರು ಮೂರು ದಶಕಗಳಿಂದ ನಮ್ಮ ನಿಮ್ಮಂಥವರಿಗೆ ಮಾರುತ್ತಿದ್ದ ಕ್ರೂಷಿಯಲ್ ಹೆಸರಿನ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ತಿಪಟೂರಿನ ಡಿಟಿಪಿ ಅಂಗಡಿಯ ರ‍್ಯಾಮಿನ ಬೆಲೆ ಹೀಗೆ ಅಮೆರಿಕದ ಯಾವುದೋ ಡೇಟಾ ಸೆಂಟರಿನ ಖರೀದಿ ಪಟ್ಟಿಗೆ ಅಂಟಿಕೊಂಡಿತು.

ಹಾಗಾಗಿ ರ‍್ಯಾಮನ್ನು ಈಗ ಅಂದಾಜಿನ ಮೇಲೆ ಕೊಳ್ಳಬೇಡಿ, ನೋಡಿ ಕೊಳ್ಳಿ. 4 ಜಿಬಿ ಇದ್ದು, ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆಯುವವರಾದರೆ ಯೋಚನೆಯೇ ಬೇಡ. ಇಂದಿನ ಬ್ರೌಸರು ಒಂದೊಂದು ಟ್ಯಾಬಿಗೂ ಬೇರೆ ಬೇರೆ ಮನೆ ಕಟ್ಟಿ ಕೂರುತ್ತದೆ. ಜಾಗ ಸಾಲದಾದಾಗ ವಿಂಡೋಸು ರ‍್ಯಾಮಿನಲ್ಲಿದ್ದದ್ದನ್ನು ಡಿಸ್ಕಿಗೆ ಸಾಗಿಸಿ, ಮತ್ತೆ ಬೇಕೆಂದಾಗ ಹೊತ್ತು ತರುತ್ತದೆ. ತಿರುಗುವ ಡಿಸ್ಕೂ 4 ಜಿಬಿಯೂ ಒಂದೇ ಯಂತ್ರದಲ್ಲಿ ಸೇರಿದ್ದರೆ ಆ ಸಾಗಾಟದಲ್ಲೇ ದಿನ ಕಳೆಯುತ್ತದೆ. 8 ಜಿಬಿಗೆ ಏರಿದರೆ ಮನೆಬಳಕೆಗೆ ಧಾರಾಳ. 8ರಿಂದ 16ಕ್ಕೆ ಹೋಗಬೇಕೋ ಬೇಡವೋ ಎಂಬುದನ್ನು ಟಾಸ್ಕ್ ಮ್ಯಾನೇಜರ್ ಹೇಳಲಿ. ಎಲ್ಲ ತೆರೆದಿಟ್ಟು ಕೆಲಸ ಮಾಡುವಾಗಲೂ ಎಪ್ಪತ್ತು ಎಪ್ಪತ್ತೈದು ದಾಟದಿದ್ದರೆ, ಹೆಚ್ಚಿಗೆ ಹಾಕಿದ 8 ಜಿಬಿ ಸುಮ್ಮನೆ ಕೂತಿರುತ್ತದೆ.

ಅದೇ ಮೆಮೊರಿ ಪುಟದ ಕೆಳಗಡೆ ಕಣ್ಣಾಡಿಸಿದರೆ ಇನ್ನೊಂದು ಸಂಗತಿ ಸಿಗುತ್ತದೆ. ಎಷ್ಟು ಸ್ಲಾಟ್ ಇದೆ, ಎಷ್ಟು ತುಂಬಿದೆ ಎಂದು ಅಲ್ಲಿ ಬರೆದಿರುತ್ತದೆ. ‘ಫಾರ್ಮ್ ಫ್ಯಾಕ್ಟರ್’ ಎಂಬ ಸಾಲಿನ ಮುಂದೆ ‘ಸೋಡಿಮ್’ ಎಂದಿದ್ದರೆ ಒಳಗೆ ಕಿತ್ತು ಹಾಕಬಹುದಾದ ಪಟ್ಟಿಯಿದೆ. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಚಿಪ್ಪುಗಳು ಬೋರ್ಡಿಗೇ ಬೆಸುಗೆಯಾಗಿವೆ. ಪಕ್ಕದಲ್ಲಿ ಖಾಲಿ ಸ್ಲಾಟ್ ಒಂದನ್ನು ಕೊಟ್ಟಿದ್ದರುಂಟು, ಇಲ್ಲದಿದ್ದರೆ ಇಲ್ಲ. ಇದನ್ನು ಮನೆಯಲ್ಲೇ ನೋಡಿಕೊಂಡು ಹೋದರೆ ಅಂಗಡಿಯಲ್ಲಿ ‘ಬಿಚ್ಚಿ ನೋಡಬೇಕು, ಅದಕ್ಕೆ ಚಾರ್ಜ್ ಆಗತ್ತೆ’ ಎಂಬ ಮಾತು ಹುಟ್ಟುವುದೇ ಇಲ್ಲ. ಡಿಡಿಆರ್3, 4, 5 ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ, ನಡುವಿನ ಕಚ್ಚೇ ಬೇರೆ ಬೇರೆ ಜಾಗದಲ್ಲಿದೆ. ಒಂದೇ ಪಟ್ಟಿ ಇರುವ ಯಂತ್ರಕ್ಕೆ ಅಂಥದೇ ಇನ್ನೊಂದು ಸೇರಿಸಿದರೆ ಎರಡೂ ಜೋಡಿಯಾಗಿ ದುಡಿಯುತ್ತವೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರಗಳಿಗೆ ಇದರಿಂದ ಲಾಭ ಹೆಚ್ಚು, ಏಕೆಂದರೆ ಅವುಗಳ ಚಿತ್ರದ ಕೆಲಸಕ್ಕೂ ಇದೇ ರ‍್ಯಾಮೇ ಗತಿ.

ಅಕ್ಕನ ಯಂತ್ರಕ್ಕೆ ಎಸ್‌ಎಸ್‌ಡಿಯ ಜೊತೆ ಒಂದು 4 ಜಿಬಿ ಪಟ್ಟಿ ಹಾಕಿಸಿದ್ದಾಯಿತು. ಕೋರೆಲ್ ಡ್ರಾ ಮತ್ತು ಬ್ರೌಸರ್ ಒಟ್ಟಿಗೆ ತೆರೆದರೂ ಕೆಮ್ಮಲಿಲ್ಲ. ಅವಳಿಗೆ ಹಿಡಿಸಿದ್ದು ಅದಲ್ಲ, ಪೆಟ್ಟಿಗೆಯೊಳಗಿನ ಗುಂಯ್ ಎಂಬ ಸದ್ದು ನಿಂತದ್ದು.

ಎಲ್ಲ ಯಂತ್ರಕ್ಕೂ ಈ ಭಾಗ್ಯವಿಲ್ಲ. ಲಾಕ್‌ಡೌನ್ ಕಾಲದಲ್ಲಿ ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಎಷ್ಟೋ ಮನೆಗಳು ತೆಗೆದುಕೊಂಡ ಹಗುರ, ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಸೆಲೆರಾನ್ ಪ್ರೊಸೆಸರು, 4 ಜಿಬಿ ರ‍್ಯಾಮು, 64 ಜಿಬಿಯ ಇಎಂಎಂಸಿ ಇರುತ್ತವೆ. ಇಎಂಎಂಸಿ ಎಂದರೆ ಅಗ್ಗದ ಫೋನುಗಳಲ್ಲಿ ಇರುತ್ತಿದ್ದಂಥ ಬೆಸುಗೆ ಹಾಕಿದ ಸ್ಟೋರೇಜು. ವಿಂಡೋಸಿನ ಒಂದು ದೊಡ್ಡ ಅಪ್‌ಡೇಟ್ ಬಂದರೆ ಜಾಗ ತುಂಬಿಹೋಯಿತು. ಒಳಗೆ ಬಿಚ್ಚಿ ನೋಡಿದರೆ ಬಹುತೇಕ ಬ್ಯಾಟರಿಯೇ, ಬೋರ್ಡು ಅಂಗೈಯಗಲ. ಇಂಥದಕ್ಕೆ ಯಾರೇ ಏನೇ ಹೇಳಿದರೂ ದುಡ್ಡು ಹಾಕಬೇಡಿ. ಫೋಟೊಗಳನ್ನು ಪೆನ್‌ಡ್ರೈವಿಗೆ ಸಾಗಿಸಿ, ಬೇಡದ ಆ್ಯಪ್ ತೆಗೆದು, ಬರೀ ಬ್ರೌಸರಿಗೆಂದು ಇಟ್ಟುಕೊಳ್ಳಿ.

ಮೈಕಟ್ಟನ್ನೂ ನೋಡಬೇಕು. ರಿಪೇರಿಯವರು ದಿನಾ ಕಾಣುವ ದೂರು ‘ಹಿಂಜ್ ಕಿತ್ತುಬಂದಿದೆ’. ಪರದೆಯನ್ನು ಹಿಡಿದ ಉಕ್ಕಿನ ಕೀಲು ಬಿಗಿ, ಅದು ಕೂತ ಪ್ಲಾಸ್ಟಿಕ್ ಮೆದು. ಒಂದೇ ಮೂಲೆ ಹಿಡಿದು ತೆರೆದು ಮುಚ್ಚಿ ಮಾಡಿದಾಗ ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಹಿತ್ತಾಳೆಯ ಗುಬುಟು ಬೇರುಸಮೇತ ಎದ್ದು ಬರುತ್ತದೆ. ಅರಾಲ್ಡೈಟ್ ತುಂಬಿ ಕೂರಿಸಿಕೊಡುತ್ತಾರೆ. ಕೆಲವೊಮ್ಮೆ ವರ್ಷಗಟ್ಟಲೆ ನಿಲ್ಲುತ್ತದೆ, ಕೆಲವೊಮ್ಮೆ ತಿಂಗಳೂ ಇಲ್ಲ. ಹಿಂಜ್ ಹೋದ, ಪರದೆಯಲ್ಲಿ ಗೆರೆ ಬಿದ್ದ, ಕೀಲಿಮಣೆಯ ನಾಲ್ಕು ಅಕ್ಷರ ಸತ್ತ ಯಂತ್ರಕ್ಕೆ ರ‍್ಯಾಮ್ ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ. ಎಸ್‌ಎಸ್‌ಡಿಯಾದರೆ ನಾಳೆ ಕಿತ್ತು ಇನ್ನೊಂದಕ್ಕೆ ಹಾಕಿಕೊಳ್ಳಬಹುದು, ಅಷ್ಟರಮಟ್ಟಿಗೆ ಅದು ದಂಡವಲ್ಲ.

ಬ್ಯಾಟರಿಯನ್ನು ಮಾತ್ರ ಈ ಲಾಭನಷ್ಟದ ಲೆಕ್ಕದಿಂದ ಹೊರಗಿಡಿ. ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿಯ ಬ್ಯಾಟರಿ ರಿಪೋರ್ಟ್ ತೆಗೆದರೆ, ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಎಂಬ ಎರಡು ಅಂಕಿ ಸಿಗುತ್ತವೆ. ಅರ್ಧಕ್ಕಿಳಿದಿದ್ದರೂ ಸದಾ ಪ್ಲಗ್ಗಿನಲ್ಲೇ ಬಳಸುವವರು ಬದಲಿಸಬೇಕೆಂದಿಲ್ಲ, ಕರೆಂಟ್ ಹೋದಾಗ ಫೈಲ್ ಉಳಿಸಿಕೊಳ್ಳುವಷ್ಟು ನಿಂತರೆ ಸಾಕು. ಆದರೆ ಟಚ್‌ಪ್ಯಾಡ್ ಮೇಲಕ್ಕೆದ್ದಿದ್ದರೆ, ಮೇಜಿನ ಮೇಲಿಟ್ಟಾಗ ಲ್ಯಾಪ್‌ಟಾಪ್ ಅಲ್ಲಾಡುತ್ತಿದ್ದರೆ, ತಳದ ಕವರ್ ಬಿರುಕು ಬಿಟ್ಟಿದ್ದರೆ ಒಳಗೆ ಬ್ಯಾಟರಿ ಉಬ್ಬಿದೆ. ಅವತ್ತೇ ಚಾರ್ಜ್ ಮಾಡುವುದನ್ನು ನಿಲ್ಲಿಸಿ. ಅದನ್ನು ಒತ್ತಿ ಕೂರಿಸುವ, ಚುಚ್ಚಿ ಗಾಳಿ ತೆಗೆಯುವ ಸಾಹಸ ಬೇಡ, ಬೆಂಕಿ ಹೊತ್ತಿಕೊಳ್ಳುತ್ತದೆ. ಕಸದ ಗಾಡಿಗೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಇಷ್ಟೆಲ್ಲ ಆದಮೇಲೂ ಎದುರಾಗುವ ಗೋಡೆ ವಿಂಡೋಸ್ 11. ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಬೇಕು, ಇಂಟೆಲ್ಲಾದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ಅಂದರೆ 2017ರ ಕೊನೆಯಿಂದ ಈಚಿನದು. ಅಕ್ಕನ 6006ಯು ಆರನೇ ತಲೆಮಾರಿನದು. ಎಸ್‌ಎಸ್‌ಡಿ ಹಾಕಿದರೂ, ರ‍್ಯಾಮ್ ತುಂಬಿದರೂ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಅಡ್ಡದಾರಿಯಲ್ಲಿ ಹಾಕಿಕೊಡುವವರು ಬೇಕಾದಷ್ಟಿದ್ದಾರೆ. ಹಾಗೆ ಹಾಕಿದ ಯಂತ್ರಕ್ಕೆ ಮುಂದಿನ ಅಪ್‌ಡೇಟ್ ಬರುತ್ತದೆಂಬ ಭರವಸೆಯನ್ನು ಕಂಪನಿ ಕೊಡುವುದಿಲ್ಲ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಅಂಥ ಜೂಜು ನನಗೆ ಹಿಡಿಸದು. ಮನೆಬಳಕೆಯವರು ಮೈಕ್ರೋಸಾಫ್ಟ್ ಖಾತೆಯಿಂದ ನೋಂದಾಯಿಸಿಕೊಂಡರೆ ವಿಂಡೋಸ್ 10ಕ್ಕೆ ಭದ್ರತೆಯ ಅಪ್‌ಡೇಟುಗಳು 2026ರ ಅಕ್ಟೋಬರ್ 13ರವರೆಗೆ ಬರುವಂತೆ ಒಂದು ವರ್ಷದ ಮುಂದೂಡಿಕೆ ಸಿಕ್ಕಿತು. ಅದು ವಾಯಿದೆ, ಪರಿಹಾರವಲ್ಲ.

ಲಿನಕ್ಸ್ ಮಿಂಟಿನಂಥದ್ದು ಇಂಥ ಯಂತ್ರಗಳಲ್ಲಿ ಲೀಲಾಜಾಲವಾಗಿ ಓಡುತ್ತದೆ. ಬ್ರೌಸರು, ಯೂಟ್ಯೂಬು, ಯೂನಿಕೋಡ್ ಕನ್ನಡ ಸಾಕೆನ್ನುವ ನಿವೃತ್ತರಿಗೆ ನಾನು ಮರುಮಾತಿಲ್ಲದೆ ಹೇಳುವುದು ಅದನ್ನೇ. ಟ್ಯಾಲಿ, ಕೋರೆಲ್ ಡ್ರಾ, ಹಳೇ ನುಡಿಯ ಜನ ಅಲ್ಲಿಗೆ ಹೋಗಿ ನೆಮ್ಮದಿ ಕಾಣುವುದಿಲ್ಲ.

ಹಾಗಿದ್ದರೆ ಏಳನೇ ತಲೆಮಾರು, ಅದಕ್ಕೂ ಹಿಂದಿನ ಯಂತ್ರಕ್ಕೆ ಎಷ್ಟು ದುಡ್ಡು ಹಾಕಬಹುದು? ಬೆಂಗಳೂರಿನ ಐಟಿ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ಕುಗಳು ರಾಶಿರಾಶಿಯಾಗಿ ಎಸ್‌.ಪಿ. ರೋಡಿಗೂ ಅಲ್ಲಿಂದ ಜಿಲ್ಲಾಕೇಂದ್ರಗಳಿಗೂ ಹರಿದು ಬರುತ್ತವೆ. ಎಂಟನೇ ತಲೆಮಾರಿನ ಐ5, ಎಸ್‌ಎಸ್‌ಡಿ, 8 ಜಿಬಿ ರ‍್ಯಾಮು, ಗಟ್ಟಿ ಹಿಂಜು, ಮನಸಾರೆ ಕುಟ್ಟಬಹುದಾದ ಕೀಲಿಮಣೆ, ಎಲ್ಲ ಸೇರಿ ಇಪ್ಪತ್ತು ಸಾವಿರದ ಹಿಂದುಮುಂದು. ಉದಾಹರಣೆಗೆ 2018ರ ಥಿಂಕ್‌ಪ್ಯಾಡ್ ಟಿ480. ಎರಡು ರ‍್ಯಾಮ್ ಸ್ಲಾಟು, ಹಿಂದಿನ ಬ್ಯಾಟರಿಯನ್ನು ಸ್ಕ್ರೂ ಬಿಚ್ಚದೆ ಕೈಯಲ್ಲೇ ಕಳಚಬಹುದು. ಇದರ ಬೆಲೆಯೇ ನನಗೆ ಅಳತೆಗೋಲು. ಹಳೇ ಯಂತ್ರಕ್ಕೆ ಹಾಕಬೇಕಾದ ಒಟ್ಟು ಖರ್ಚು ಅದರ ಕಾಲುಭಾಗದೊಳಗಿದ್ದರೆ ಹಾಕಿ. ಅರ್ಧಕ್ಕೆ ಹತ್ತಿರವಾದರೆ ಬೇಡ, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಇದನ್ನೇ ಕೊಳ್ಳಿ. ಅಕ್ಕನಿಗೂ ಇದನ್ನೇ ಹೇಳಿಟ್ಟಿದ್ದೇನೆ. ‘ಈಗ ಚೆನ್ನಾಗಿ ಓಡ್ತಿದೆಯಲ್ಲೋ, ಮತ್ಯಾಕೆ’ ಎಂಬುದು ಅವಳ ವಾದ. ಯಂತ್ರ ಚೆನ್ನಾಗಿರುವಾಗ ಕಂಪನಿಯೇ ಬೆನ್ನು ತಿರುಗಿಸುವುದು ಅವಳಿಗೆ ನ್ಯಾಯವೆನಿಸುವುದಿಲ್ಲ. ನನಗೂ ಅನಿಸುವುದಿಲ್ಲ.

ಹೊಸದನ್ನೇ ಕೊಳ್ಳುವವರಿಗೆ ಅಪ್‌ಗ್ರೇಡಿನ ತೀರ್ಮಾನ ಕೊಳ್ಳುವ ದಿನವೇ ಆಗಿಹೋಗುತ್ತದೆ. 2008ರ ಮ್ಯಾಕ್‌ಬುಕ್ ಏರ್ ರ‍್ಯಾಮನ್ನು ಬೋರ್ಡಿಗೇ ಬೆಸೆದು ಬಂದಾಗ ಅದು ಶ್ರೀಮಂತರ ತೆಳ್ಳನೆ ಲ್ಯಾಪ್‌ಟಾಪಿನ ಹುಚ್ಚೆನಿಸಿತ್ತು. ಈಗ ಸಾಧಾರಣ ಬೆಲೆಯ ಯಂತ್ರಗಳೂ ಅದೇ ಹಾದಿ ಹಿಡಿದಿವೆ. 2024ರಲ್ಲಿ ಬಂದ ಇಂಟೆಲ್‌ನ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಂತೂ ಮೆಮೊರಿ ಪ್ರೊಸೆಸರಿನ ಪೊಟ್ಟಣದೊಳಗೇ ಸೇರಿಹೋಯಿತು. ಬೆಸುಗೆಯಿಂದ ವಿದ್ಯುತ್ ಉಳಿಯುತ್ತದೆ, ವೇಗ ಹೆಚ್ಚುತ್ತದೆ ಎಂಬುದು ನಿಜ. ಮೂರು ವರ್ಷದ ಮೇಲೆ ಗಿರಾಕಿ ರ‍್ಯಾಮಿಗೆಂದು ಅಂಗಡಿಗೆ ಹೋಗುವ ಬದಲು ಷೋರೂಮಿಗೆ ಹೋಗುತ್ತಾನೆ ಎಂಬುದೂ ನಿಜ. ಎರಡನೆಯದು ಕಂಪನಿಗಳಿಗೆ ಹೊಳೆದಿರಲಾರದು ಎಂದು ನಂಬುವಷ್ಟು ಮುಗ್ಧ ನಾನಲ್ಲ.

ಷೋರೂಮಿನ ಹುಡುಗನನ್ನು ‘ಖಾಲಿ ರ‍್ಯಾಮ್ ಸ್ಲಾಟ್ ಇದೆಯೇನಪ್ಪ’ ಎಂದು ಕೇಳಿದರೆ ಅವನು ಇಎಂಐ ಯೋಜನೆಯ ವಿವರ ಹೇಳುವ ಸಂಭವವೇ ಹೆಚ್ಚು. ಮಾದರಿಯ ಪೂರ್ತಿ ಹೆಸರು ಬರೆದುಕೊಂಡು ಬಂದು, ಕಂಪನಿಯ ಜಾಲತಾಣದಲ್ಲಿ ಅದರ ಮೇಂಟೆನೆನ್ಸ್ ಮ್ಯಾನ್ಯುಯಲ್ ಹುಡುಕಿ. ಲೆನೊವೊ, ಡೆಲ್, ಎಚ್‌ಪಿ ಮೂರೂ ಬಹಳಷ್ಟು ಮಾದರಿಗಳಿಗೆ ಇದನ್ನು ಎಲ್ಲರಿಗೂ ಕಾಣುವಂತೆ ಇಟ್ಟಿವೆ. ಯಾವ ಸ್ಕ್ರೂ ಎಲ್ಲಿದೆ ಎಂಬುದರವರೆಗೆ ಚಿತ್ರ ಸಮೇತ ಅದರಲ್ಲಿರುತ್ತದೆ. ರ‍್ಯಾಮ್ ಬೆಸುಗೆಯದು, ಸ್ಲಾಟೂ ಇಲ್ಲ ಎಂದು ಅದು ಹೇಳಿದರೆ 8 ಜಿಬಿಯ ಮಾದರಿ ಬಿಟ್ಟು 16ರದ್ದನ್ನೇ ಬಿಲ್ ಮಾಡಿಸಿ. ಸ್ಲಾಟ್ ಇದ್ದರೆ 8 ಜಿಬಿಯೇ ಸಾಕು. ಉಳಿದ ದುಡ್ಡು, ಮೆಮೊರಿ ಬೆಲೆ ಇಳಿಯುವವರೆಗೆ, ನಿಮ್ಮ ಬ್ಯಾಂಕಿನಲ್ಲೇ ಇರಲಿ.